ಬ್ರಿಟನ್ನಿನಲ್ಲಿ ಮೊದಲ ಕಾರ್ ಇನ್ಶೂರೆನ್ಸ್: ಎಕ್ಸೆಸ್ ಎಷ್ಟಿಡಬೇಕು ಎಂದು ತೀರ್ಮಾನಿಸುವ ಬಗೆ

ಫೆಬ್ರವರಿಯ ಒಂದು ಶುಕ್ರವಾರ ಸಂಜೆ ನನ್ನ ಅಕ್ಕನ ಮಗ ಗ್ಯಾರೇಜಿನಲ್ಲಿ ನಿಂತೇ ಫೋನ್ ಮಾಡಿದ. "ಚಿಕ್ಕಮ್ಮಾ, ಕಾರು ರೆಡಿಯಾಗಿದೆ. ಆದ್ರೆ 1,150 ಪೌಂಡ್ ಕಟ್ಟಿದ್ರೇನೇ ಕೀ ಕೊಡೋದಂತೆ. ನಾನು ಇಟ್ಟಿದ್ದು 500 ಅಲ್ವಾ?" ಎಕ್ಸೆಸ್ ಎಂದು, ಅಂದರೆ ರಿಪೇರಿ ಖರ್ಚಿನಲ್ಲಿ ತಾನು ಹೊರುವ ಪಾಲು ಎಂದು, ಅವನು ಇಟ್ಟದ್ದು 500 ನಿಜ. ಅದಕ್ಕೆ ಕಂಪನಿ ತಾನಾಗಿ ಸೇರಿಸಿದ್ದು 350. ವಯಸ್ಸು 25 ಆಗಿಲ್ಲ ಎಂಬುದಕ್ಕೆ ಇನ್ನೊಂದು 300. ಅವನ ಖಾತೆಯಲ್ಲಿ ಆಗ ಇದ್ದದ್ದು 340 ಪೌಂಡ್. ಕಾರು ಎರಡು ವಾರ ಗ್ಯಾರೇಜಿನಲ್ಲೇ ಉಳಿಯಿತು, ಅವನು ರಾತ್ರಿ ಪಾಳಿಯ ಕೆಲಸಕ್ಕೆ ಎರಡು ಬಸ್ಸು ಬದಲಿಸಿಕೊಂಡು ಓಡಾಡಿದ.

ಇದು ಅವನೊಬ್ಬನ ಕತೆಯಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಓದಲು ಬಂದವರು, ಕೆಲಸಕ್ಕೆ ಬಂದವರು, ಇಲ್ಲೇ ಹುಟ್ಟಿ ಬೆಳೆದು ಈಗಷ್ಟೇ ಟೆಸ್ಟ್ ಪಾಸಾದ ಪರಿಚಿತರ ಮಕ್ಕಳು, ಎಲ್ಲರೂ ಎಡವುವುದು ಇಲ್ಲೇ. ಪ್ರೀಮಿಯಂ ಇಳಿಯಲಿ ಎಂದು ಎಕ್ಸೆಸ್ ಏರಿಸುತ್ತಾರೆ. ಏರಿಸಿದ ಹಣ ಒಂದು ದಿನ ತಮ್ಮ ಜೇಬಿನಿಂದಲೇ ಹೋಗಬೇಕು ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಊರಿನ ಅಭ್ಯಾಸವೂ ಇದಕ್ಕೊಂದು ಕಾರಣ. ಅಲ್ಲಿ ಗ್ಯಾರೇಜಿನವರು 'ಫೈಲ್ ಚಾರ್ಜ್' ಎಂದು ಕೇಳುವ ಕಡ್ಡಾಯ ಮೊತ್ತ ಸಣ್ಣ ಕಾರಿಗೆ ಸಾವಿರ ರೂಪಾಯಿ, 1,500 ಸಿಸಿ ದಾಟಿದ ಕಾರಿಗೆ ಎರಡು ಸಾವಿರ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಫಾರ್ಮ್ ತುಂಬಿದರೆ ಏಟು ತಿನ್ನುವುದು ಖಂಡಿತ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬೆಲೆ ನೋಡುವ ಮೊದಲು ನಿಮ್ಮ ಮಿತಿ ಗೊತ್ತಾಗಿರಬೇಕು. ಪರದೆಯ ಮೇಲೆ ಕಡಿಮೆ ಅಂಕಿ ಒಮ್ಮೆ ಕಂಡಿತೆಂದರೆ ಆಮೇಲೆ ಬುದ್ಧಿ ಅದಕ್ಕೆ ತಕ್ಕ ಕಾರಣಗಳನ್ನೇ ಹುಡುಕುತ್ತದೆ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಲೈಸೆನ್ಸ್ ಕಾರ್ಡ್, ಟೆಸ್ಟ್ ಪಾಸಾದ ತಾರೀಖು, ಕಳೆದ ಐದು ವರ್ಷಗಳಲ್ಲಿ ನಡೆದ ಅಪಘಾತ ಮತ್ತು ದಂಡಗಳ ವಿವರ. ಕಾರಿನ ನೋಂದಣಿ ಸಂಖ್ಯೆ, ಅದು ವರ್ಷಕ್ಕೆ ಓಡುವ ಮೈಲಿಯ ಅಂದಾಜು. ಅದೇ ಮಾಡೆಲ್, ಅಷ್ಟೇ ಹಳೆಯ, ಅಷ್ಟೇ ಓಡಿದ ಕಾರು ಈಗ ಮಾರಾಟದ ಜಾಹೀರಾತುಗಳಲ್ಲಿ ಎಷ್ಟಕ್ಕೆ ಇದೆ ಎಂಬುದು. ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಒಂದು ಹಾಳೆ, ಪೆನ್ನು. ಪಾಲಿಸಿ ಶುರುವಾಗಬೇಕಾದ ದಿನಕ್ಕೆ ಮೂರು ವಾರ ಇರುವಾಗಲೇ ಕುಳಿತುಕೊಳ್ಳಿ. ಹಿಂದಿನ ದಿನ ಕೇಳಿದರೆ ಬೆಲೆ ಹೆಚ್ಚು ಬರುವುದೇ ಜಾಸ್ತಿ, ಅವಸರದಲ್ಲಿ ತಪ್ಪು ಗುಂಡಿ ಒತ್ತುವುದೂ ಆಗುತ್ತದೆ.

ಹಂತ 1: ಎಕ್ಸೆಸ್ ಯಾವಾಗ ಕೊಡಬೇಕು, ಯಾವಾಗ ಬೇಡ ಎಂದು ತಿಳಿದುಕೊಳ್ಳಿ

ಎಕ್ಸೆಸ್ ಎಂದರೆ ನಿಮ್ಮ ಕಾರಿಗೆ ಆದ ನಷ್ಟದಲ್ಲಿ ನೀವು ಹೊರಬೇಕಾದ ಪಾಲು. ನೀವು ಇನ್ನೊಬ್ಬರ ಕಾರಿಗೆ ಗುದ್ದಿದರೆ ಅವರ ರಿಪೇರಿ, ಅವರ ಆಸ್ಪತ್ರೆ ಖರ್ಚು ಇತ್ಯಾದಿಯನ್ನು ಕಂಪನಿಯೇ ಭರಿಸುತ್ತದೆ. ಅದರಲ್ಲಿ ಸಾಮಾನ್ಯವಾಗಿ ನಿಮ್ಮ ಪಾಲು ಇರುವುದಿಲ್ಲ. ಅದೇ ಅಪಘಾತದಲ್ಲಿ ನಿಮ್ಮ ಕಾರನ್ನೂ ಸರಿ ಮಾಡಿಸಿಕೊಳ್ಳಬೇಕು ಎಂದರೆ ಆಗ ಎಕ್ಸೆಸ್ ಬರುತ್ತದೆ.

ರಿಪೇರಿಯಾದರೆ ಈ ಹಣವನ್ನು ಗ್ಯಾರೇಜಿಗೆ ಕಟ್ಟಿ ಕಾರು ಬಿಡಿಸಿಕೊಳ್ಳಬೇಕು. ಕಾರು ಪೂರ್ತಿ ಹಾಳಾಗಿ, ಇಲ್ಲವೇ ರಿಪೇರಿ ಖರ್ಚೇ ಅದರ ಬೆಲೆಯನ್ನು ಮುಟ್ಟುವಂತಾಗಿ ರೈಟ್-ಆಫ್ ಆದರೆ ಕಂಪನಿ ಕೊಡುವ ಹಣದಲ್ಲೇ ಇದನ್ನು ಮುರಿದುಕೊಳ್ಳುತ್ತದೆ.

ಹೊಸಬರು ಬಹಳ ತಪ್ಪು ತಿಳಿದುಕೊಂಡಿರುವ ಸಂಗತಿಗಳು ಎರಡು. ಒಂದು, ಎಕ್ಸೆಸ್ ವರ್ಷಕ್ಕೊಮ್ಮೆ ಕೊಟ್ಟು ಮುಗಿಸುವಂಥದ್ದಲ್ಲ, ಪ್ರತಿ ಕ್ಲೇಮ್‌ಗೂ ಕೊಡಬೇಕು. ಎಡಗಡೆ ಬಾಗಿಲು ಮಾರ್ಚ್‌ನಲ್ಲಿ ಗೀಚಿಸಿಕೊಂಡು, ಹಿಂದಿನ ಬಂಪರ್ ಜುಲೈನಲ್ಲಿ ಒಡೆದುಕೊಂಡು, ಎರಡನ್ನೂ ಒಟ್ಟಿಗೆ ಮಾಡಿಸೋಣ ಎಂದು ಹೋದರೆ ಅದು ಎರಡು ಘಟನೆ, ಎರಡು ಎಕ್ಸೆಸ್. ಎರಡು, ತಪ್ಪು ನಿಮ್ಮದಲ್ಲದಿದ್ದರೂ ನಿಮ್ಮ ಕಂಪನಿಯ ಮೂಲಕ ರಿಪೇರಿ ಮಾಡಿಸಿದರೆ ಹಲವು ಸಲ ಮೊದಲು ನೀವೇ ಎಕ್ಸೆಸ್ ಕಟ್ಟಬೇಕಾಗುತ್ತದೆ. ಆಮೇಲೆ ಅದನ್ನು ಎದುರಿನವರ ಕಂಪನಿಯಿಂದ ವಸೂಲು ಮಾಡಬೇಕು. ಅದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಎಳೆಯುತ್ತದೆ. ಗುದ್ದಿ ಓಡಿಹೋದವರ ನಂಬರ್ ಸಿಗದಿದ್ದರೆ ಆ ಹಣ ಹೋದಂತೆಯೇ. ಆದ್ದರಿಂದ "ನಾನು ಹುಷಾರಾಗಿ ಓಡಿಸ್ತೀನಿ, ನನಗೆ ಬರಲ್ಲ" ಎಂಬ ಮಾತಿನ ಮೇಲೆ ಎಕ್ಸೆಸ್ ಏರಿಸಬೇಡಿ. ರಸ್ತೆ ಬದಿ ನಿಲ್ಲಿಸಿ ಮನೆಯಲ್ಲಿ ಮಲಗಿದ್ದಾಗಲೂ ಅದು ನಿಮ್ಮ ತಲೆಗೆ ಬರಬಹುದು.

ಥರ್ಡ್ ಪಾರ್ಟಿ ಪಾಲಿಸಿ ತೆಗೆದುಕೊಂಡರೆ ಎಕ್ಸೆಸ್ ಗೊಡವೆಯೇ ಇಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ, ಅದರಲ್ಲಿ ನಿಮ್ಮ ಕಾರಿಗೆ ರಕ್ಷಣೆಯೇ ಇಲ್ಲ. ಆದರೆ ಹೊಸ ಡ್ರೈವರ್‌ಗಳಿಗೆ ಅದು ಅಗ್ಗವೂ ಆಗಿರುವುದಿಲ್ಲ, ಎಷ್ಟೋ ಸಲ ನಿಮ್ಮ ಕಾರಿಗೂ ರಕ್ಷಣೆ ಕೊಡುವ ಕಾಂಪ್ರಿಹೆನ್ಸಿವ್ ಪಾಲಿಸಿಗಿಂತ ಹೆಚ್ಚೇ ಬರುತ್ತದೆ. ಎರಡರ ಕೋಟ್ (ಕಂಪನಿ ಹೇಳುವ ಬೆಲೆ) ತೆಗೆದು ನೋಡದೆ ಅದನ್ನು ಆರಿಸಬೇಡಿ.

ಹಂತ 2: ನಿಮ್ಮ ಒಟ್ಟು ಎಕ್ಸೆಸ್ ಕೂಡಿಸಿ ಬರೆಯಿರಿ

ಎಲ್ಲಕ್ಕಿಂತ ಹೆಚ್ಚು ಜನ ಸೋಲುವ ಹಂತ ಇದು. ಕೋಟ್ ಫಾರ್ಮ್‌ನಲ್ಲಿ ನೀವು ಆರಿಸುವುದು ವಾಲಂಟರಿ ಎಕ್ಸೆಸ್ ಮಾತ್ರ. ಗ್ಯಾರೇಜಿನಲ್ಲಿ ಕೇಳುವುದು ಒಟ್ಟು ಮೊತ್ತ. ಅದರಲ್ಲಿ ಸೇರಬಹುದಾದವು ಇವು:

ಕಂಪಲ್ಸರಿ ಎಕ್ಸೆಸ್ ಕಂಪನಿ ತಾನೇ ನಿಗದಿ ಮಾಡಿದ್ದು, ಅದನ್ನು ಇಳಿಸಲು ಆಗುವುದಿಲ್ಲ. ಕಂಪನಿಯಿಂದ ಕಂಪನಿಗೆ, ಕಾರಿನಿಂದ ಕಾರಿಗೆ ಬಹಳ ವ್ಯತ್ಯಾಸವಿರುತ್ತದೆ.

ವಾಲಂಟರಿ ಎಕ್ಸೆಸ್ ನೀವು ಒಪ್ಪಿಕೊಂಡದ್ದು. ಸೊನ್ನೆಯಿಂದ 1,000 ಪೌಂಡಿನವರೆಗೆ, ಕೆಲವು ಕಡೆ ಅದಕ್ಕೂ ಹೆಚ್ಚು, ಆರಿಸಬಹುದು.

ಯಂಗ್ ಡ್ರೈವರ್ ಅಥವಾ ಇನ್‌ಎಕ್ಸ್‌ಪೀರಿಯನ್ಸ್‌ಡ್ ಡ್ರೈವರ್ ಎಕ್ಸೆಸ್ ಮೇಲಿನ ಎರಡರ ಮೇಲೆ ಕೂಡುವಂಥದ್ದು. ಸಾಮಾನ್ಯವಾಗಿ 25 ವರ್ಷ ತುಂಬದವರಿಗೆ, ಅಥವಾ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಆಗದವರಿಗೆ ಹಾಕುತ್ತಾರೆ. ಕೆಲವು ಕಂಪನಿಗಳು ಇದನ್ನು ಕಂಪಲ್ಸರಿ ಮೊತ್ತದಲ್ಲೇ ಸೇರಿಸಿ ತೋರಿಸುತ್ತವೆ. ಕೆಲವು ಕಂಪನಿಗಳ ಕೋಟ್ ಪುಟದಲ್ಲಿ ಇದು ಕಾಣಿಸುವುದೇ ಇಲ್ಲ, ಪಾಲಿಸಿ ಪುಸ್ತಕದ ಒಳಗಿನ ಕೋಷ್ಟಕದಲ್ಲಿ ಇರುತ್ತದೆ.

ನಮ್ಮವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಭಾರತದ ಲೈಸೆನ್ಸ್ ಇಟ್ಟುಕೊಂಡು ಗ್ರೇಟ್ ಬ್ರಿಟನ್ನಿನಲ್ಲಿ ವಾಸಕ್ಕೆ ಬಂದ ದಿನದಿಂದ 12 ತಿಂಗಳು ಮಾತ್ರ ಓಡಿಸಬಹುದು. ಅದನ್ನು ನೇರವಾಗಿ ಇಲ್ಲಿನ ಲೈಸೆನ್ಸ್‌ಗೆ ಬದಲಿಸಿಕೊಳ್ಳಲು ಬರುವುದಿಲ್ಲ. ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗಬೇಕು. ಪಾಸಾದ ಮೇಲೆ ಹಲವು ಕಂಪನಿಗಳು ಅನುಭವವನ್ನು ಆ ತಾರೀಖಿನಿಂದಲೇ ಎಣಿಸುತ್ತವೆ. ಹೀಗಾಗಿ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹತ್ತು ವರ್ಷ ಗೇರು ಬದಲಿಸಿದ 33ರ ಇಂಜಿನಿಯರ್ ಕೂಡ ಇಲ್ಲಿ ಹೊಸ ಡ್ರೈವರ್. "ನನಗೆ 25 ದಾಟಿದೆ, ಆ ಸಾಲು ನನಗಲ್ಲ" ಎಂದು ಓದದೆ ಬಿಟ್ಟವರನ್ನು ನಾನು ಇಬ್ಬರನ್ನಾದರೂ ಬಲ್ಲೆ. ಹೊರದೇಶದ ಅನುಭವ, ಊರಿನ ನೋ ಕ್ಲೇಮ್ ಬೋನಸ್ ಪತ್ರ ಒಪ್ಪುತ್ತೀರಾ ಎಂದು ಫೋನ್ ಮಾಡಿ ಕೇಳಿ. ಒಪ್ಪುವವರು ಇದ್ದಾರೆ, ಆದರೆ ನೀವಾಗಿ ಕೇಳದೆ ಯಾರೂ ಹೇಳುವುದಿಲ್ಲ.

ಇವುಗಳ ಜೊತೆಗೆ ಇನ್ನೆರಡು ಬಿಡಿ ಮೊತ್ತಗಳನ್ನು ಹುಡುಕಿ. ಗಾಜಿಗೆ ಬೇರೆಯೇ ಎಕ್ಸೆಸ್ ಇರುತ್ತದೆ, ಬಿರುಕು ತುಂಬಿಸಿದರೆ ಕಡಿಮೆ, ಗಾಜನ್ನೇ ಬದಲಿಸಿದರೆ ಹೆಚ್ಚು. ಕಂಪನಿ ಹೇಳಿದ ಗ್ಯಾರೇಜ್ ಬಿಟ್ಟು ನಿಮಗೆ ಗೊತ್ತಿರುವ ಮೆಕ್ಯಾನಿಕ್ ಬಳಿ ಮಾಡಿಸಿದರೆ ಕೆಲವರು ಇನ್ನಷ್ಟು ಸೇರಿಸುತ್ತಾರೆ.

ಈಗ ಹಾಳೆಯ ಮೇಲೆ ಪ್ರತಿ ಡ್ರೈವರ್‌ನ ಹೆಸರು ಬರೆದು, ಅವರು ಓಡಿಸುವಾಗ ಅಪಘಾತವಾದರೆ ಎಷ್ಟು ಎಂದು ಮುಂದೆ ಬರೆಯಿರಿ. ಅಪ್ಪನ ಪಾಲಿಸಿಯಲ್ಲಿ ಮಗಳು ನೇಮ್ಡ್ ಡ್ರೈವರ್ (ಓಡಿಸಬಹುದು ಎಂದು ಹೆಸರು ಸೇರಿಸಿದವಳು) ಆಗಿದ್ದರೆ ಅಪ್ಪನ ಕೈಯಲ್ಲಿ ಸ್ಟೀರಿಂಗ್ ಇದ್ದಾಗ 400, ಮಗಳ ಕೈಯಲ್ಲಿದ್ದಾಗ 700 ಎಂದಾಗಬಹುದು. ಈ ಹಾಳೆ ಇಲ್ಲದೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 3: ನಾಳೆ ಬೆಳಿಗ್ಗೆ ಎಷ್ಟು ಕಟ್ಟಬಲ್ಲಿರಿ?

ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆಯಿರಿ. ಮೂರು ತಿಂಗಳಲ್ಲಿ ಖಾತೆ ಅತಿ ಕೆಳಗೆ ಇಳಿದ ದಿನ ಯಾವುದು, ಆ ದಿನ ಎಷ್ಟು ಉಳಿದಿತ್ತು ನೋಡಿ. ಸಂಬಳ ಬಂದ ದಿನದ ಅಂಕಿ ಬೇಡ. ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್, ಫೋನ್ ಬಿಲ್ ಎಲ್ಲ ಹೋದ ಮೇಲೆ ಉಳಿದದ್ದು ಬೇಕು. ಅದಕ್ಕೆ ಮುಟ್ಟದೆ ಇಟ್ಟಿರುವ ಉಳಿತಾಯವಿದ್ದರೆ ಸೇರಿಸಿ. ಕ್ರೆಡಿಟ್ ಕಾರ್ಡಿನ ಮಿತಿಯನ್ನು ಸೇರಿಸಬೇಡಿ. ಊರಿನಿಂದ ಅಪ್ಪ ಕಳಿಸಬಹುದು ಎಂಬುದನ್ನೂ ಸೇರಿಸಬೇಡಿ.

ಬಂದ ಮೊತ್ತವೇ ನಿಮ್ಮ ಒಟ್ಟು ಎಕ್ಸೆಸ್‌ನ ಮೇಲ್ಮಿತಿ. ಇದರಿಂದ ಕಂಪಲ್ಸರಿ ಮತ್ತು ಯಂಗ್ ಡ್ರೈವರ್ ಮೊತ್ತ ಕಳೆಯಿರಿ. ಉಳಿದಷ್ಟೇ ವಾಲಂಟರಿಗೆ ಜಾಗ. ಮಿತಿ 700 ಇದ್ದು, ಕಂಪನಿ ಹಾಕಿದ್ದೇ 550 ಆದರೆ ನಿಮಗೆ ಇರುವುದು 150 ಮಾತ್ರ. ಕಳೆದಾಗ ಸೊನ್ನೆಗಿಂತ ಕೆಳಗೆ ಹೋದರೆ ಆ ಕಂಪನಿ ನಿಮಗಲ್ಲ, ಅದರ ಪ್ರೀಮಿಯಂ ಎಷ್ಟೇ ಕಡಿಮೆ ಇರಲಿ.

ಕಾರಿಲ್ಲದೆ ನಿಮ್ಮ ಕೆಲಸ ನಡೆಯುತ್ತದೆಯೇ ಎಂಬುದನ್ನೂ ಇಲ್ಲೇ ಕೇಳಿಕೊಳ್ಳಿ. ಕೇರ್ ಹೋಮ್‌ನಲ್ಲಿ ಬೆಳಿಗ್ಗೆ ಆರಕ್ಕೆ ಹಾಜರಿರಬೇಕಾದವರಿಗೆ, ಬಸ್ಸೇ ಇಲ್ಲದ ಊರಿನಲ್ಲಿ ಇರುವವರಿಗೆ ಎಕ್ಸೆಸ್ ಕಟ್ಟಲಾಗದೆ ಕಾರು ನಿಂತರೆ ಆ ವಾರದ ಸಂಪಾದನೆಯೂ ಹೋಗುತ್ತದೆ. ಅಂಥವರು ಮಿತಿಯನ್ನು ಇನ್ನೂ ಕೆಳಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಹಂತ 4: ಕಾರಿನ ಬೆಲೆಯ ಪಕ್ಕದಲ್ಲಿಟ್ಟು ನೋಡಿ

ಮೊದಲ ಕಾರು ಸಾಮಾನ್ಯವಾಗಿ ಹಳೆಯದು. ರೈಟ್-ಆಫ್ ಆದರೆ ಕಂಪನಿ ಕೊಡುವುದು ಅಪಘಾತಕ್ಕೆ ಮುಂಚಿನ ಮಾರುಕಟ್ಟೆ ಬೆಲೆ. ನೀವು ಕೊಂಡ ಬೆಲೆಯನ್ನಲ್ಲ. ಹಳೆಯ ಕಾರು ರೈಟ್-ಆಫ್ ಆಗಲು ದೊಡ್ಡ ಅಪಘಾತವೂ ಬೇಕಿಲ್ಲ. ಮುಂದಿನ ಬಂಪರ್, ಒಂದು ಹೆಡ್‌ಲೈಟ್, ರೇಡಿಯೇಟರ್ ಹೋದರೆ ರಿಪೇರಿಯೇ ಕಾರಿನ ಬೆಲೆಯನ್ನು ಮುಟ್ಟುತ್ತದೆ.

ಒಂದು ಲೆಕ್ಕ ಹಾಕೋಣ. ಕಾರಿನ ಬೆಲೆ 2,200 ಪೌಂಡ್, ಒಟ್ಟು ಎಕ್ಸೆಸ್ 1,150. ಪ್ರೀಮಿಯಂ ತಿಂಗಳಿಗೆ 140ರಂತೆ ಕಂತಿನಲ್ಲಿ ಕಟ್ಟುತ್ತಿದ್ದೀರಿ, ಇನ್ನೂ ಆರು ಕಂತು ಬಾಕಿ ಇದೆ. ಕ್ಲೇಮ್ ಮಾಡಿದ ಮೇಲೆ ಸಾಮಾನ್ಯವಾಗಿ ಇಡೀ ವರ್ಷದ ಪ್ರೀಮಿಯಂ ಕೊಡಲೇಬೇಕು, ಬಾಕಿ ಕಂತುಗಳನ್ನು ನಿಮಗೆ ಬರುವ ಹಣದಲ್ಲೇ ಮುರಿಯುವುದುಂಟು. 2,200ರಲ್ಲಿ 1,150 ಹೋಯಿತು, ಕಂತಿನ 840 ಹೋಯಿತು. ಕೈಗೆ ಬಂದದ್ದು 210 ಪೌಂಡ್. ಅದರಲ್ಲಿ ಇನ್ನೊಂದು ಕಾರು ಬರುವುದಿಲ್ಲ.

ಆದ್ದರಿಂದ ನಾನು ಮಕ್ಕಳಿಗೆ ಹೇಳುವುದು, ಒಟ್ಟು ಎಕ್ಸೆಸ್ ಕಾರಿನ ಬೆಲೆಯ ಕಾಲು ಭಾಗ ದಾಟದಿರಲಿ ಎಂದು. ಇದು ಯಾವ ಕಂಪನಿಯ ನಿಯಮವೂ ಅಲ್ಲ, ನನ್ನ ಅನುಭವದ ಗೆರೆ. ಅರ್ಧ ದಾಟಿದರಂತೂ ನೀವು ಕಾಂಪ್ರಿಹೆನ್ಸಿವ್‌ಗೆ ಹಣ ಕೊಟ್ಟು ಬಹುಮಟ್ಟಿಗೆ ಥರ್ಡ್ ಪಾರ್ಟಿ ರಕ್ಷಣೆಯನ್ನೇ ಪಡೆಯುತ್ತಿದ್ದೀರಿ.

ಹಂತ 5: ಐದು ಕೋಟ್ ತೆಗೆದು ಭಾಗಾಕಾರ ಮಾಡಿ

ಈಗ ಮಾತ್ರ ಬೆಲೆ ನೋಡಿ. ಬೆಲೆ ಹೋಲಿಸುವ ಜಾಲತಾಣದಲ್ಲಿ ಎಲ್ಲ ವಿವರ ಒಂದೇ ಥರ ತುಂಬಿ, ವಾಲಂಟರಿ ಎಕ್ಸೆಸ್ ಮಾತ್ರ ಬದಲಿಸುತ್ತ ಹೋಗಿ: 0, 100, 250, 500, 1,000. ಒಂದೇ ಕಂಪನಿಯ ಒಂದೇ ಪಾಲಿಸಿಯ ಬೆಲೆಯನ್ನು ಐದು ಸಲವೂ ಬರೆದುಕೊಳ್ಳಿ. ಪಟ್ಟಿಯ ಮೇಲಿನ ಹೆಸರು ಪ್ರತಿ ಸಲ ಬದಲಾಗುತ್ತದೆ, ಅದರ ಹಿಂದೆ ಹೋದರೆ ಲೆಕ್ಕ ತಪ್ಪುತ್ತದೆ.

ಉದಾಹರಣೆಗೆ ಹೀಗೆ ಬಂತು ಎಂದುಕೊಳ್ಳಿ. ವಾಲಂಟರಿ ಸೊನ್ನೆ ಇದ್ದಾಗ 1,640 ಪೌಂಡ್. 250ಕ್ಕೆ 1,545. 500ಕ್ಕೆ 1,490. 1,000ಕ್ಕೆ 1,455.

ಪ್ರತಿ ಮೆಟ್ಟಿಲಿನಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಹೆಚ್ಚುವರಿ ಎಕ್ಸೆಸ್ ಅನ್ನು ಉಳಿದ ಹಣದಿಂದ ಭಾಗಿಸಿದರೆ ಎಷ್ಟು ವರ್ಷ? ಸೊನ್ನೆಯಿಂದ 250ಕ್ಕೆ ಹೋದರೆ ವರ್ಷಕ್ಕೆ 95 ಪೌಂಡ್ ಉಳಿಯಿತು. 250 ಭಾಗಿಸು 95, ಸುಮಾರು ಎರಡೂವರೆ ವರ್ಷ. ಅಷ್ಟು ಕಾಲ ಕ್ಲೇಮ್ ಇಲ್ಲದೆ ಓಡಿಸಿದರೆ ನಿಮಗೆ ಲಾಭ. 250ರಿಂದ 500ಕ್ಕೆ ಹೋದರೆ ಉಳಿದದ್ದು 55, ಅಂದರೆ ನಾಲ್ಕೂವರೆ ವರ್ಷ. 500ರಿಂದ 1,000ಕ್ಕೆ ಏರಿದರೆ ಉಳಿದದ್ದು ಬರೀ 35 ಪೌಂಡ್. 500 ಭಾಗಿಸು 35, ಹದಿನಾಲ್ಕು ವರ್ಷ. ಹತ್ತೊಂಬತ್ತು ವರ್ಷದ ಹುಡುಗ ಹದಿನಾಲ್ಕು ವರ್ಷ ಕಾರಿಗೆ ಒಂದು ಗೀರೂ ಬೀಳದಂತೆ ಓಡಿಸುತ್ತೇನೆ ಎಂದು ಸಹಿ ಹಾಕಿದಂತೆ ಇದು.

ನನ್ನ ಅಳತೆ ಮೂರು ವರ್ಷ. ಅದಕ್ಕಿಂತ ಕಡಿಮೆ ಬಂದರೆ, ಹಂತ 3ರ ಮಿತಿಯ ಒಳಗೂ ಇದ್ದರೆ, ಏರಿಸಿ. ಹೆಚ್ಚು ಬಂದರೆ ನಿಲ್ಲಿ. ಏಕೆ ಮೂರು ಎಂದರೆ ಮೊದಲ ಮೂರು ವರ್ಷಗಳಲ್ಲಿ ನಿಮ್ಮ ವಯಸ್ಸು, ಅನುಭವ, ನೋ ಕ್ಲೇಮ್ಸ್ ಬೋನಸ್ ಎಲ್ಲವೂ ಬದಲಾಗಿ ಪ್ರೀಮಿಯಂ ಲೆಕ್ಕವೇ ಬೇರೆಯಾಗಿರುತ್ತದೆ.

ಕೆಲವೊಮ್ಮೆ ವಾಲಂಟರಿ ಏರಿಸಿದರೂ ಬೆಲೆ ಕದಲುವುದೇ ಇಲ್ಲ. ನಂಬಲು ಕಷ್ಟವಾದರೂ ಹೊಸ ಡ್ರೈವರ್‌ಗಳಿಗೆ ಇದು ಆಗುತ್ತದೆ. ಅವರ ಪ್ರೀಮಿಯಂನ ದೊಡ್ಡ ಪಾಲು ಇನ್ನೊಬ್ಬರಿಗೆ ಮಾಡಬಹುದಾದ ಗಾಯ, ನಷ್ಟದ ಭಯಕ್ಕೆ ಹೋಗುತ್ತದೆ. ಆ ಭಾಗಕ್ಕೆ ನಿಮ್ಮ ಎಕ್ಸೆಸ್ ಯಾವ ರೀತಿಯಲ್ಲೂ ನೆರವಾಗುವುದಿಲ್ಲ. ಹೀಗಾಗಿ ಎಕ್ಸೆಸ್ ಹಿಂಡಿದರೆ ಒಂದು ಹಂತದ ನಂತರ ಏನೂ ಬರುವುದಿಲ್ಲ.

ಹಂತ 6: ಬೆಲೆ ಇನ್ನೂ ಭಾರವಾದರೆ ಬೇರೆ ಕಡೆ ಇಳಿಸಿ

ಎಕ್ಸೆಸ್ ಬಿಟ್ಟು ಬೇರೆ ದಾರಿಗಳಿವೆ. ಕಾರು ಇನ್ನೂ ಕೊಂಡಿಲ್ಲವಾದರೆ ಅದರ ಇನ್ಶೂರೆನ್ಸ್ ಗ್ರೂಪ್ ನೋಡಿ. 1ರಿಂದ 50ರವರೆಗೆ ಇರುವ ಈ ಗುಂಪುಗಳಲ್ಲಿ ಕೆಳಗಿನ ಅಂಕಿಯ ಕಾರು ಅಗ್ಗ. ನೀವು ಓಡಿಸುವ ಬಗೆಯನ್ನು ಅಳೆಯುವ ಸಾಧನ ಕಾರಿನಲ್ಲಿಡುವ ಬ್ಲ್ಯಾಕ್ ಬಾಕ್ಸ್ ಪಾಲಿಸಿಯ ಕೋಟ್ ತೆಗೆಯಿರಿ, ಆದರೆ ರಾತ್ರಿ ಪಾಳಿಯವರು ರಾತ್ರಿ ಓಡಿಸುವುದಕ್ಕೆ ನಿರ್ಬಂಧವಿದೆಯೇ ಎಂದು ಮೊದಲೇ ಓದಿ. ಸಾಧ್ಯವಾದರೆ ವರ್ಷದ ಹಣ ಒಮ್ಮೆಲೇ ಕಟ್ಟಿ, ಕಂತು ಎಂದರೆ ಬಡ್ಡಿ ಸಾಲ.

ನಿಜವಾಗಿ ಆಗಾಗ ಓಡಿಸುವ ಅನುಭವಿಯೊಬ್ಬರನ್ನು ನೇಮ್ಡ್ ಡ್ರೈವರ್ ಮಾಡಿದರೂ ಬೆಲೆ ಇಳಿಯಬಹುದು. ಆದರೆ ದಿನಾ ಓಡಿಸುವವನು ಮಗ, ಕಾಗದದಲ್ಲಿ ಮುಖ್ಯ ಡ್ರೈವರ್ ಅಪ್ಪ ಎಂದು ತೋರಿಸುವುದು ಫ್ರಂಟಿಂಗ್ ಎಂಬ ವಂಚನೆ. ಪರಿಚಿತರ ಮನೆಗಳಲ್ಲಿ ಇದನ್ನು ಜಾಣತನವೆಂದು ಹೇಳಿಕೊಡುವುದನ್ನು ಕೇಳಿದ್ದೇನೆ, ನನಗೆ ನಿಜಕ್ಕೂ ಭಯವಾಗುತ್ತದೆ. ಬೇಕೆಂದೇ ಸುಳ್ಳು ಹೇಳಿದ್ದು ಗೊತ್ತಾದರೆ 2012ರ ಗ್ರಾಹಕ ವಿಮಾ ಕಾಯ್ದೆಯ ಪ್ರಕಾರ ಕಂಪನಿ ಪಾಲಿಸಿಯನ್ನೇ ರದ್ದು ಮಾಡಿ ಕ್ಲೇಮ್ ತಿರಸ್ಕರಿಸಬಹುದು. ಇನ್ಶೂರೆನ್ಸ್ ಇಲ್ಲದೆ ಓಡಿಸಿದ ಕೇಸು ಬಿದ್ದರೆ 300 ಪೌಂಡ್ ದಂಡ, ಲೈಸೆನ್ಸ್ ಮೇಲೆ 6 ಪಾಯಿಂಟ್. ಟೆಸ್ಟ್ ಪಾಸಾಗಿ ಎರಡು ವರ್ಷದೊಳಗೆ 6 ಪಾಯಿಂಟ್ ಬಂದರೆ ಲೈಸೆನ್ಸೇ ಹೋಗುತ್ತದೆ. ಮತ್ತೆ ಪ್ರೊವಿಷನಲ್ ಎಂಬ ಕಲಿಯುವವರ ಲೈಸೆನ್ಸ್, ಮತ್ತೆ ಥಿಯರಿ, ಮತ್ತೆ ಪ್ರಾಕ್ಟಿಕಲ್. ಅಪ್ಪನ ಹೆಸರಿನಲ್ಲಿ ಇದ್ದರೂ ಮಗ ಓಡಿಸುವಾಗಿನ ಯಂಗ್ ಡ್ರೈವರ್ ಎಕ್ಸೆಸ್ ತಪ್ಪುವುದಿಲ್ಲ ಎಂಬುದು ಇನ್ನೊಂದು ಮಾತು.

ಹಂತ 7: ಯಾವ ಪೆಟ್ಟಿಗೆ ಕ್ಲೇಮ್, ಯಾವುದಕ್ಕೆ ಸ್ವಂತ ಖರ್ಚು

ಎಕ್ಸೆಸ್ ಆರಿಸುವಾಗಲೇ ಈ ಗೆರೆಯನ್ನೂ ಎಳೆದುಕೊಳ್ಳಿ. ಒಟ್ಟು ಎಕ್ಸೆಸ್ 750, ಬಾಗಿಲಿನ ರಿಪೇರಿಗೆ 900 ಎಂದುಕೊಳ್ಳಿ. ಕಂಪನಿಯಿಂದ ಬರುವುದು 150. ಅದಕ್ಕಾಗಿ ನೋ ಕ್ಲೇಮ್ಸ್ ಬೋನಸ್ ಹೋಗುತ್ತದೆ, ಮುಂದಿನ ವರ್ಷಗಳಲ್ಲಿ ಪ್ರತಿ ಕೋಟ್ ಫಾರ್ಮ್‌ನಲ್ಲೂ ಆ ಕ್ಲೇಮ್ ಬರೆಯಬೇಕು. ಇಂಥದ್ದಕ್ಕೆ ಕ್ಲೇಮ್ ಮಾಡುವುದು ನಷ್ಟವೇ. ಅಂದರೆ ಎಕ್ಸೆಸ್ ಹೆಚ್ಚಿದಷ್ಟೂ ನಿಮ್ಮ ಪಾಲಿಸಿ ದೊಡ್ಡ ಅಪಘಾತಕ್ಕೆ ಮಾತ್ರ ಉಪಯೋಗ, ಪಾರ್ಕಿಂಗ್‌ನ ಗುದ್ದುಗಳೆಲ್ಲ ನಿಮ್ಮವು. ಹೊಸಬರಿಗೆ ಬೀಳುವ ಪೆಟ್ಟು ಹೆಚ್ಚಾಗಿ ಅಂಥದ್ದೇ ಅಲ್ಲವೇ: ಸೂಪರ್‌ಮಾರ್ಕೆಟ್ಟಿನ ಕಂಬ, ಪಕ್ಕದ ಮನೆಯ ಗೋಡೆ.

ಕ್ಲೇಮ್ ಮಾಡದಿದ್ದರೂ ಅಪಘಾತವನ್ನು ಕಂಪನಿಗೆ ತಿಳಿಸಬೇಕು ಎಂಬುದು ಬಹುತೇಕ ಎಲ್ಲ ಪಾಲಿಸಿಗಳ ಷರತ್ತು. "ಮಾಹಿತಿಗಾಗಿ ಮಾತ್ರ, ಕ್ಲೇಮ್ ಬೇಡ" ಎಂದು ಸ್ಪಷ್ಟವಾಗಿ ಹೇಳಿ, ಹೇಳಿದ ತಾರೀಖು ಬರೆದಿಟ್ಟುಕೊಳ್ಳಿ. ಕಂಪನಿಗಳು ಅಪಘಾತ, ಕ್ಲೇಮ್‌ಗಳ ದಾಖಲೆಯನ್ನು ಕ್ಲೇಮ್ಸ್ ಅಂಡ್ ಅಂಡರ್‌ರೈಟಿಂಗ್ ಎಕ್ಸ್‌ಚೇಂಜ್ ಎಂಬ ಕೋಶದಲ್ಲಿ ಹಂಚಿಕೊಳ್ಳುತ್ತವೆ. ನೀವು ಮುಚ್ಚಿಟ್ಟದ್ದನ್ನು ಎದುರಿನವರು ಹೇಳಿರುತ್ತಾರೆ.

ಹಂತ 8: ಎಕ್ಸೆಸ್ ಇನ್ಶೂರೆನ್ಸ್ ಬೇಕೇ?

ಕೊಟ್ಟ ಎಕ್ಸೆಸ್ ಅನ್ನು ಮರಳಿಸುವ ಬೇರೆಯೇ ಪಾಲಿಸಿ ಇದು. ಒಟ್ಟು ಎಕ್ಸೆಸ್ ಬಹಳ ಹೆಚ್ಚಿದ್ದು ಇಳಿಸಲು ದಾರಿಯೇ ಇಲ್ಲದವರಿಗೆ ಉಪಯೋಗವಾಗುತ್ತದೆ. ಮೂರು ಸಾಲು ಓದಿ ಕೊಳ್ಳಿ: ನಿಮ್ಮ ವಯಸ್ಸಿನವರಿಗೆ ಕೊಡುತ್ತಾರೆಯೇ, ವರ್ಷಕ್ಕೆ ಎಷ್ಟರವರೆಗೆ, ಕೊಂಡ ಎಷ್ಟು ದಿನದ ಮೇಲೆ ಜಾರಿಗೆ ಬರುತ್ತದೆ. ಇದು ಹಣವನ್ನು ಆಮೇಲೆ ಮರಳಿಸುತ್ತದೆ. ಗ್ಯಾರೇಜಿನಲ್ಲಿ ಮೊದಲು ಕಟ್ಟುವವರು ನೀವೇ. ಆದ್ದರಿಂದ ಹಂತ 3ರ ಮಿತಿ ಆಗಲೂ ಬದಲಾಗುವುದಿಲ್ಲ. ಇದನ್ನು ನಂಬಿ ವಾಲಂಟರಿಯನ್ನು 1,000ಕ್ಕೆ ಏರಿಸಿದವರು ಮತ್ತೆ ಅದೇ ಗುಂಡಿಗೆ ಬೀಳುತ್ತಾರೆ.

ಇದಕ್ಕಿಂತ ನಾನು ಮೊದಲು ಸೇರಿಸಿಕೊಳ್ಳುವುದು ಲೀಗಲ್ ಎಕ್ಸ್‌ಪೆನ್ಸಸ್ ರಕ್ಷಣೆ. ತಪ್ಪು ಎದುರಿನವರದಾದಾಗ ನಿಮ್ಮ ಎಕ್ಸೆಸ್ ವಸೂಲು ಮಾಡಿಕೊಡುವ ಓಡಾಟವನ್ನು ಈ ರಕ್ಷಣೆ ಕೊಡುವವರು ಮಾಡುತ್ತಾರೆ.

ಹಂತ 9: ಹಣ ಕಟ್ಟುವ ಮೊದಲು ಕೊನೆಯ ಪುಟ ಓದಿ

ಹೋಲಿಕೆಯ ತಾಣದಲ್ಲಿ ನೀವು 250 ಕೇಳಿದ್ದರೂ ಕೆಲವು ಕಂಪನಿಗಳು ತಮ್ಮ ಹತ್ತಿರದ ಮೆಟ್ಟಿಲು 300 ಅಥವಾ 500 ಹಾಕಿ ಬೆಲೆ ತೋರಿಸುತ್ತವೆ. ಬೆಲೆ ದೊಡ್ಡ ಅಕ್ಷರದಲ್ಲಿ, ಎಕ್ಸೆಸ್ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕಂಪನಿಯ ಸ್ವಂತ ಪುಟಕ್ಕೆ ಹೋದ ಮೇಲೆ ಮತ್ತೊಮ್ಮೆ ನೋಡಿ. ಅಲ್ಲಿರುವ ಐಪಿಐಡಿ ಎಂಬ ಚಿಕ್ಕ ದಾಖಲೆ ಪಾಲಿಸಿಯ ಸಾರ ಹೇಳುತ್ತದೆ. ಆದರೆ ನಿಮ್ಮ ಹೆಸರಿನ ಮುಂದಿನ ಅಂಕಿಗಳು ಇರುವುದು ಷೆಡ್ಯೂಲ್ ಎಂಬ, ನಿಮ್ಮದೇ ಪಾಲಿಸಿಯ ವಿವರ ಪಟ್ಟಿಯಲ್ಲಿ. ಷೆಡ್ಯೂಲ್ ಬಂದ ದಿನವೇ ಹಂತ 2ರ ಹಾಳೆಯನ್ನು ಪಕ್ಕದಲ್ಲಿಟ್ಟು ಸಾಲು ಸಾಲು ತಾಳೆ ನೋಡಿ.

ವ್ಯತ್ಯಾಸ ಕಂಡರೆ ತಡ ಮಾಡಬೇಡಿ. 14 ದಿನಗಳ ಒಳಗೆ ಪಾಲಿಸಿ ಬಿಡುವ ಹಕ್ಕಿದೆ. ಅಷ್ಟು ದಿನದ ರಕ್ಷಣೆಯ ಹಣ ಮತ್ತು ಒಂದಿಷ್ಟು ಆಡಳಿತ ಶುಲ್ಕ ಹಿಡಿದುಕೊಳ್ಳಬಹುದು. ಆದರೆ ಹೊಸ ಪಾಲಿಸಿ ಜಾರಿಗೆ ಬರುವ ಮೊದಲು ಹಳೆಯದನ್ನು ಬಿಟ್ಟು ಕಾರು ರಸ್ತೆಗಿಳಿಸಬೇಡಿ.

ನಿಲ್ಲಿ ಎಂದು ಹೇಳುವ ಸೂಚನೆಗಳು

ಒಬ್ಬರ ಬೆಲೆ ಉಳಿದೆಲ್ಲರಿಗಿಂತ ಬಹಳ ಕೆಳಗಿದ್ದರೆ ಮೊದಲು ಅದರ ಕಂಪಲ್ಸರಿ ಎಕ್ಸೆಸ್ ನೋಡಿ, ಕಾರಣ ಹೆಚ್ಚಾಗಿ ಅಲ್ಲೇ ಸಿಗುತ್ತದೆ. ಫೋನಿನಲ್ಲಿ "ಒಟ್ಟು ಎಕ್ಸೆಸ್ ಎಷ್ಟು, ನಾನು ಓಡಿಸುವಾಗ?" ಎಂದು ಕೇಳಿದರೆ ವಾಲಂಟರಿ ಅಂಕಿಯನ್ನೇ ತಿರುಗಿಸಿ ಹೇಳುವವರಿಂದ ಕೊಳ್ಳಬೇಡಿ. ವಾಟ್ಸ್ಆ್ಯಪ್‌ನಲ್ಲೋ ಇನ್‌ಸ್ಟಾಗ್ರಾಮ್‌ನಲ್ಲೋ "ಹೊಸ ಡ್ರೈವರ್‌ಗೆ ಅರ್ಧ ಬೆಲೆ" ಎಂದು ಬರುವವರು ನಕಲಿ ಪಾಲಿಸಿ ಮಾರುವ ಘೋಸ್ಟ್ ಬ್ರೋಕರ್‌ಗಳಾಗಿರಬಹುದು. ಇಲ್ಲಿನ ಹಣಕಾಸು ನಿಯಂತ್ರಕ ಫೈನಾನ್ಷಿಯಲ್ ಕಂಡಕ್ಟ್ ಅಥಾರಿಟಿಯ ನೋಂದಣಿ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಒಂದು ಪೌಂಡನ್ನೂ ಕೊಡಬೇಡಿ. ಕಂಪನಿ ಹೇಳಿದ ಎಕ್ಸೆಸ್‌ಗೂ ಕೇಳಿದ ಎಕ್ಸೆಸ್‌ಗೂ ತಾಳೆಯಾಗದಿದ್ದರೆ ಲಿಖಿತ ದೂರು ಕೊಡಿ. ಎಂಟು ವಾರದಲ್ಲಿ ಬಗೆಹರಿಯದಿದ್ದರೆ ಇಂಥ ತಕರಾರು ತೀರ್ಮಾನಿಸುವ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಸರ್ವಿಸ್‌ಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ.

ಹಂತ 10: ಪಾಲಿಸಿ ಕೊಂಡ ಮೇಲೆ

ಬ್ಯಾಂಕ್ ಆ್ಯಪ್‌ನಲ್ಲಿ ಹಣ ಬೇರೆ ಎತ್ತಿಡುವ ಒಂದು ಪಾಟ್ ತೆರೆದು ಒಟ್ಟು ಎಕ್ಸೆಸ್ ಹಣ ಅದರಲ್ಲಿ ಹಾಕಿ. ಒಮ್ಮೆಲೇ ಆಗದಿದ್ದರೆ ಮೊದಲ ಮೂರು ಸಂಬಳದಲ್ಲಿ ತುಂಬಿಸಿ. ಹೆಸರೂ 'ಎಕ್ಸೆಸ್' ಎಂದೇ ಇಡಿ, ರಜೆಗೆ ಊರಿಗೆ ಹೋಗುವ ಟಿಕೆಟ್‌ಗೆ ಕೈ ಹಾಕದಂತೆ. ಷೆಡ್ಯೂಲ್‌ನ ಆ ಪುಟದ ಫೋಟೋ ಫೋನಿನಲ್ಲಿರಲಿ.

ನವೀಕರಣದ ಪತ್ರ ಬಂದಾಗ ಪ್ರೀಮಿಯಂ ಪಕ್ಕದಲ್ಲೇ ಎಕ್ಸೆಸ್ ಸಾಲನ್ನೂ ಹೋದ ವರ್ಷದ್ದರ ಜೊತೆ ಹೋಲಿಸಿ. 2022ರ ಜನವರಿಯಿಂದ ಹಳೆಯ ಗ್ರಾಹಕರಿಗೆ ಹೊಸಬರಿಗಿಂತ ಹೆಚ್ಚು ಬೆಲೆ ಹಾಕುವಂತಿಲ್ಲ ಎಂಬ ನಿಯಮವಿದೆ. ಆದರೆ ಕಂಪಲ್ಸರಿ ಎಕ್ಸೆಸ್ ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ನಿಮ್ಮ ಲೈಸೆನ್ಸ್‌ಗೆ ಒಂದು ವರ್ಷ ತುಂಬುವ, ಇಲ್ಲವೇ ನಿಮಗೆ 25 ತುಂಬುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ವಾರ ಫೋನ್ ಮಾಡಿ, "ಹೆಚ್ಚುವರಿ ಎಕ್ಸೆಸ್ ಇವತ್ತಿನಿಂದ ಹೋಯಿತೇ, ಅಥವಾ ನವೀಕರಣದವರೆಗೆ ಇರುತ್ತದೆಯೇ?" ಎಂದು ಕೇಳಿ. ಹೋಗಿದೆ ಎಂದರೆ ತಿದ್ದಿದ ಷೆಡ್ಯೂಲನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.